ಮುತ್ತಜ್ಜನ ಹೆಸರು ಬೇಡ, ಸರ್ವೆ ನಂಬರ್ ಹೇಳು

ಕೆಲವು ವರ್ಷಗಳ ಹಿಂದೆ ಒಂದು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯ ಕಿಟಕಿ ಮುಂದೆ ನಿಂತು, ಭಾರಿ ಹುರುಪಿನಲ್ಲಿ, "ನಮ್ಮ ಮುತ್ತಜ್ಜನ ಹಳೇ ಕಾಗದ ಏನಾದ್ರೂ ಸಿಗ್ತಾವೇನ್ರಿ?" ಅಂತ ಕೇಳಿದೆ. ಒಳಗೆ ಕೂತಿದ್ದ ಹಿರಿಯರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿದರು. "ಮುತ್ತಜ್ಜನ ಹೆಸರು ತಗೊಂಡು ನಾ ಏನ್ ಮಾಡ್ಲಿ ತಮ್ಮಾ? ಸರ್ವೆ ನಂಬರ್ ಹೇಳು."

ಆಗ ಸಿಟ್ಟು ಬಂತು. ವರ್ಷ ಕಳೆದ ಮೇಲೆ ಗೊತ್ತಾಯಿತು, ಅವರು ಒಂದೇ ಮಾತಿನಲ್ಲಿ ಇಡೀ ವಿದ್ಯೆ ಹೇಳಿಕೊಟ್ಟಿದ್ದರು ಅಂತ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹಳೇ ಸರ್ಕಾರಿ ಪುಸ್ತಕಗಳನ್ನು ಬರೆದದ್ದು ಕಂದಾಯ ವಸೂಲಿಗೆ. ಯಾರು ಹುಟ್ಟಿದರು, ಯಾರು ಸತ್ತರು ಅನ್ನುವುದಕ್ಕಿಂತ ಈ ಹೊಲದ ತೆರಿಗೆ ಯಾರ ತಲೆಮೇಲೆ ಅನ್ನುವುದೇ ಅವರಿಗೆ ಮುಖ್ಯವಾಗಿತ್ತು. ಹಾಗಾಗಿ ನಿಮ್ಮ ಮುತ್ತಜ್ಜ ಆ ಪುಸ್ತಕದಲ್ಲಿ ಇದ್ದರೆ ಒಂದು ಹೊಲದ ಬಾಲ ಹಿಡಿದುಕೊಂಡೇ ಇರುತ್ತಾನೆ. ಅಥವಾ ಒಂದು ಸಾಲದ, ಒಂದು ಜಗಳದ, ಒಂದು ವತನದ (ಊರ ಚಾಕರಿಗೆ ಕೊಟ್ಟ ಜಮೀನಿನ) ಬಾಲ. ಏನೋ ಒಂದು ಕೈ ಬದಲಾದಾಗ ಮಾತ್ರ ಮನುಷ್ಯನ ಹೆಸರು ಕಾಗದಕ್ಕೆ ಬರುತ್ತಿತ್ತು.

"ಜನನ ಪ್ರಮಾಣಪತ್ರ ತೆಗೆಸಿದರಾಯ್ತು, ಅಲ್ವಾ?" ಅಂತ ಬಹಳ ಮಂದಿ ಕೇಳುತ್ತಾರೆ. ಈಗಿನ ಜನನ-ಮರಣ ನೋಂದಣಿ ಕಾಯ್ದೆ 1969ರದ್ದು, ದೇಶದ ಹೆಚ್ಚಿನ ಕಡೆ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ಅದಕ್ಕೂ ಮುಂಚೆ ಬರೆಯುತ್ತಿದ್ದರು, ಇಲ್ಲ ಅಂತಲ್ಲ. ಊರ ಕಡೆ ಪಾಟೀಲರು, ಪಟ್ಟಣದಲ್ಲಿ ಮುನ್ಸಿಪಾಲಿಟಿಯವರು. ಆದರೆ ಎಲ್ಲರೂ ಹೋಗಿ ಬರೆಸುತ್ತಿರಲಿಲ್ಲ, ಬರೆಸಿದರೂ ಮಗುವಿಗೆ ಇನ್ನೂ ಹೆಸರಿಟ್ಟಿರುತ್ತಿರಲಿಲ್ಲ, "ಗಂಡು ಮಗು" ಅಂತ ಬರೆದು ಅಪ್ಪನ ಹೆಸರು ಹಾಕಿ ಮುಗಿಸುತ್ತಿದ್ದರು. ಹೊರದೇಶದವರು ಜನಗಣತಿಯ ಹಳೇ ಪಟ್ಟಿ ನೋಡಿ ಅಜ್ಜನನ್ನು ಹುಡುಕುತ್ತಾರಂತೆ ಅಂತಲೂ ಕೇಳಿರುತ್ತೀರಿ. ನಮ್ಮಲ್ಲಿ ಅದು ನಡೆಯದು. 1948ರ ಜನಗಣತಿ ಕಾಯ್ದೆ ಪ್ರಕಾರ ಒಬ್ಬೊಬ್ಬರ ಮಾಹಿತಿ ಗುಟ್ಟಾಗಿಯೇ ಇರಬೇಕು. ಆ ಬಾಗಿಲು ಮುಚ್ಚಿದೆ, ಬಿಟ್ಟುಬಿಡಿ.

ಹುಡುಕಾಟ ಶುರುವಾಗಬೇಕಾದ್ದು ಮನೆಯ ಅಟ್ಟದಿಂದ. ನಮ್ಮ ಮನೆಯಲ್ಲಿ ಒಂದು ತಾಮ್ರದ ಕೊಡ ಇತ್ತು. ಅವ್ವ ಅದರಲ್ಲಿ ಹಳೇ ಬಟ್ಟೆ ತುಂಬಿ ಇಟ್ಟಿದ್ದಳು, ಬಾಯಿ ಹತ್ತಿರ ಹಸಿರು ಕಿಲುಬು ಕಟ್ಟಿತ್ತು. ಅದರ ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಏನೋ ಕೊರೆದಿದ್ದರು. ಆಗ ಹೆಚ್ಚು ಗಮನ ಕೊಡಲಿಲ್ಲ, ಅದರ ಮಾತಿಗೆ ಆಮೇಲೆ ಬರುತ್ತೇನೆ. ನಾನು ಮೊದಲು ಕೈ ಹಾಕಿದ್ದು ಆಯೇರಿ ಪಟ್ಟಿಗೆ. ಮದುವೆಯಲ್ಲಿ ಯಾರು ಏನು ಆಯೇರ ಮಾಡಿದರು ಅಂತ ಬರೆದಿಡುತ್ತಾರಲ್ಲ, ಆ ಕೆಂಪು ವಹಿ. ನಮ್ಮಜ್ಜನ ಮದುವೆಯದು ಅರ್ಧ ಗೆದ್ದಲು ತಿಂದಿತ್ತು. ಉಳಿದ ಅರ್ಧದಲ್ಲಿ ಊರು, ಹೆಸರು, ಸೀರೆಯೋ ರೂಪಾಯಿಯೋ ಎಲ್ಲ ಇತ್ತು. ಮೊದಲ ಪುಟದಲ್ಲಿ ಸೋದರಮಾವಂದಿರು, ಬೀಗರು, ಕೊನೆಯಲ್ಲಿ ಓಣಿಯವರು. ಒಂದು ಮನೆಯ ನಂಟು ಎಲ್ಲೆಲ್ಲಿ ಹರಡಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ನಕಾಶೆ ನನಗೆ ಎಲ್ಲೂ ಸಿಕ್ಕಿಲ್ಲ. ಲಗ್ನಪತ್ರಿಕೆ, ಜಾತಕ, ಫೋಟೋದ ಹಿಂಭಾಗ, ಸಾಲದ ಚೀಟಿ, ಇವನ್ನೂ ಎಸೆಯಬೇಡಿ. ಶ್ರಾದ್ಧ ಮಾಡುವ ಮನೆಗಳಲ್ಲಿ ಪಿಂಡ ಇಡುವಾಗ ಅಪ್ಪ, ಅಜ್ಜ, ಮುತ್ತಜ್ಜ ಮೂವರ ಹೆಸರು ಹೇಳಲೇಬೇಕು, ಅವರಿಗೆ ಮೂರು ತಲೆಮಾರು ಬಾಯಲ್ಲೇ ಇರುತ್ತದೆ. ನಮ್ಮಂಥವರಿಗೆ ಆ ಸೌಲಭ್ಯ ಇಲ್ಲ.

ಮನೆಯ ಹಿರಿಯರನ್ನು ಕೇಳುವಾಗ ಇಸವಿ ಕೇಳಬೇಡಿ. "ಯಾವ ಇಸ್ವಿಯೋಳಗ ಹುಟ್ಟಿದ್ದಿ ಆಯಿ?" ಅಂದರೆ "ನಂಗೇನ್ ಗೊತ್ತಪಾ" ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. "ಪ್ಲೇಗ್ ಬಂದಾಗ ಊರು ಬಿಟ್ಟು ಹೊಲದಾಗ ಗುಡಸಲಾ ಹಾಕಿದ್ರಂತಲ್ಲ, ಆಗ ನಿಮ್ಮಪ್ಪ ಎಷ್ಟು ದೊಡ್ಡಾಂವ ಇದ್ದ?" ಅಂತ ಕೇಳಿ ನೋಡಿ, ಮಾತು ನಿಲ್ಲುವುದೇ ಇಲ್ಲ. ಪ್ಲೇಗ್ ಮುಂಬಯಿಗೆ ಬಂದದ್ದು 1896ರಲ್ಲಿ, ಹುಬ್ಬಳ್ಳಿಯನ್ನು ಬಲವಾಗಿ ಹಿಡಿದದ್ದು 1898ರಲ್ಲಿ. ಆಮೇಲೆಯೂ ವರ್ಷಗಟ್ಟಲೆ ಮತ್ತೆ ಮತ್ತೆ ಬರುತ್ತಿತ್ತು, ಹಾಗಾಗಿ "ಪ್ಲೇಗಿನ ವರ್ಷ" ಅಂದ ಕೂಡಲೇ 1898 ಅಂತ ಬರೆದುಕೊಂಡು ಬಿಡಬೇಡಿ. ಅದಕ್ಕೂ ಹಿಂದಿನ ಗುರುತು ಅಂದರೆ 1876-78ರ ಮಹಾ ಬರ. ಹಳಬರು ಅದನ್ನು ಧಾತು-ಈಶ್ವರ ಬರ ಅನ್ನುತ್ತಿದ್ದರು, ಯಾಕೆಂದರೆ ಆಗ ನಡೆಯುತ್ತಿದ್ದದ್ದು ಧಾತು ಮತ್ತು ಈಶ್ವರ ಸಂವತ್ಸರ.

ಸಂವತ್ಸರದ ಲೆಕ್ಕ ಬಂದರೆ ಅರ್ಧ ಕೆಲಸ ಆದಂತೆ. ಒಟ್ಟು 60 ಹೆಸರು, ಮುಗಿದ ಮೇಲೆ ಮತ್ತೆ ಮೊದಲಿಂದ. 1987ರ ಯುಗಾದಿಗೆ ಪ್ರಭವ ಶುರುವಾಯಿತು, ಅದಕ್ಕೆ 60 ಕಳೆದರೆ 1927, ಇನ್ನೊಮ್ಮೆ ಕಳೆದರೆ 1867. ನಮ್ಮಜ್ಜನ ಜಾತಕದ ಚೂರಿನಲ್ಲಿ ರಕ್ತಾಕ್ಷಿ ಅಂತಿತ್ತು. ರಕ್ತಾಕ್ಷಿ 1984ರಲ್ಲೂ ಬಂದಿತ್ತು, 1924ರಲ್ಲೂ, 1864ರಲ್ಲೂ. ಅಜ್ಜ 1984ರಲ್ಲಿ ನನಗೆ ಪೆಪ್ಪರಮೆಂಟು ಕೊಡಿಸುತ್ತಿದ್ದ, ಅಂದಮೇಲೆ 1924. ಶಾಲಿವಾಹನ ಶಕೆ ಇದ್ದರೆ 78 ಸೇರಿಸಿ. ಕಂದಾಯದ ಹಳೇ ಕಾಗದದಲ್ಲಿ ಫಸಲಿ ವರ್ಷ ಇದ್ದರೆ 590 ಸೇರಿಸಿ, ಒಂದು ವರ್ಷ ಆಚೀಚೆ ಆಗಬಹುದು. ಫಸಲಿ 1330 ಅಂದರೆ 1920-21.

ಇನ್ನು ಹೆಸರುಗಳ ಗೊಂದಲ. ಇದು ನನ್ನನ್ನು ಒಂದು ವರ್ಷ ತಿಂದಿತು. ನಮ್ಮ ಕಡೆ ಮೊದಲ ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ಆಗ ಏನಾಗುತ್ತದೆ? ಬಸಪ್ಪನ ಮಗ ಫಕೀರಪ್ಪ, ಫಕೀರಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಫಕೀರಪ್ಪ. ಶಿರಹಟ್ಟಿ ಫಕೀರೇಶ್ವರನ ಮೇಲಿನ ಭಕ್ತಿಯಿಂದ ಈ ಸೀಮೆಯಲ್ಲಿ ಓಣಿಗೆ ನಾಲ್ಕು ಫಕೀರಪ್ಪಂದಿರು ಬೇರೆ. ಅಣ್ಣ-ತಮ್ಮಂದಿರ ಮಕ್ಕಳಿಬ್ಬರೂ ಅದೇ ಅಜ್ಜನ ಹೆಸರು ಇಟ್ಟುಕೊಂಡರೆ ಒಂದೇ ಮನೆಯಲ್ಲಿ, ಒಂದೇ ವಯಸ್ಸಿನ, ಅಪ್ಪನ ಹೆಸರು ಮಾತ್ರ ಬೇರೆ ಇರುವ ಇಬ್ಬರು ಫಕೀರಪ್ಪಂದಿರು. ಅದಕ್ಕೇ ಕಾಗದದಲ್ಲಿ ಬರೀ ಹೆಸರು ನೋಡಿ ಕುಣಿಯಬಾರದು, ಮುಂದಿನ ಪದ ನೋಡಬೇಕು. "ಬಿನ್" ಅಂದರೆ ಇಂಥವರ ಮಗ. "ಕೋಂ" ಅಂದರೆ ಇಂಥವರ ಹೆಂಡತಿ. "ನೀಲವ್ವ ಕೋಂ ಫಕೀರಪ್ಪ" ಅಂತ ಇದ್ದರೆ ಅಲ್ಲಿ ಫಕೀರಪ್ಪ ಗಂಡ, ಅಪ್ಪ ಅಲ್ಲ. ನಾನು ಇದನ್ನು ತಿಳಿಯದೆ ಒಬ್ಬ ಮುತ್ತಜ್ಜಿಯನ್ನು ಅವಳ ಗಂಡನಿಗೇ ಮಗಳಾಗಿ ಮಾಡಿ ವಂಶವೃಕ್ಷ ಬರೆದಿದ್ದೆ, ಅದನ್ನು ನೋಡಿ ದೊಡ್ಡಪ್ಪ ಇನ್ನೂ ನಗುತ್ತಾರೆ.

ಬರೆಯುವ ರೀತಿಯೂ ಒಂದೇ ಇರಲಿಲ್ಲ. ಫಕೀರಪ್ಪ, ಪಕ್ಕೀರಪ್ಪ, ಈರಪ್ಪ, ವೀರಪ್ಪ, ಯಲ್ಲಪ್ಪ, ಎಲ್ಲಪ್ಪ. ಬರೆಯುವವರ ಕಿವಿಗೆ ಕೇಳಿದ್ದೇ ಹೆಸರು. ತಿಪ್ಪಣ್ಣ, ತಿಪ್ಪವ್ವ ಅಂತ ಹೆಸರು ಸಿಕ್ಕರೆ ಸ್ವಲ್ಪ ನಿಲ್ಲಿ. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಕೂಸನ್ನು ತಿಪ್ಪೆಯ ಮೇಲೆ ಇಟ್ಟು ಎತ್ತಿಕೊಂಡು ಬಂದು ಈ ಹೆಸರಿಡುತ್ತಿದ್ದರು. ಅವನಿಗಿಂತ ಮುಂಚೆ ಯಾವ ಕಾಗದದಲ್ಲೂ ಇಲ್ಲದ ಒಂದೆರಡು ಕೂಸುಗಳು ಆ ಮನೆಯಲ್ಲಿ ಹುಟ್ಟಿ ಹೋಗಿರಬಹುದು.

ಅಡ್ಡಹೆಸರಿನ ವಿಷಯದಲ್ಲಿ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಬಡಿಗೇರ, ಕಮ್ಮಾರ, ಪತ್ತಾರ ಅಂದರೆ ಕಸುಬು. ವಾಲೀಕಾರ, ತಳವಾರ, ಕುಲಕರ್ಣಿ ಅಂದರೆ ಊರಿನ ಚಾಕರಿ. ದೊಡ್ಡಮನಿ, ಹೊಸಮನಿ ಅಂದರೆ ಮನೆ ಗುರುತು. ಊರ ಹೆಸರೇ ಅಡ್ಡಹೆಸರಾಗಿದ್ದರೆ? ನವಲಗುಂದದಲ್ಲೇ ಇರುವವರನ್ನು ನವಲಗುಂದದವರು ಅಂತ ಯಾರೂ ಕರೆಯುವುದಿಲ್ಲ, ಎಲ್ಲರೂ ಅಲ್ಲಿಯವರೇ ಅಲ್ವಾ? ಆ ಊರು ಬಿಟ್ಟು ಬೇರೆ ಊರಿಗೆ ಹೋದ ಮೇಲೆ ಹೊಸ ಊರಿನವರು ಇಡುವ ಹೆಸರದು. ಹಾಗಾಗಿ ಊರಿನ ಅಡ್ಡಹೆಸರು ನಿಮಗೆ ಹೇಳುವುದು ನಿಮ್ಮವರು ಬಿಟ್ಟು ಬಂದ ಊರನ್ನು. ಬಿಟ್ಟು ಬರುವ ಮುಂಚೆ ಅಲ್ಲಿ ಅವರಿಗೆ ಬೇರೆಯೇ ಅಡ್ಡಹೆಸರಿತ್ತು. ನಮ್ಮ ಅಡ್ಡಹೆಸರು ಲಕ್ಷ್ಮೇಶ್ವರ. ಲಕ್ಷ್ಮೇಶ್ವರಕ್ಕೆ ಹೋಗಿ ಲಕ್ಷ್ಮೇಶ್ವರ ಅನ್ನುವ ಮನೆತನ ಹುಡುಕಿದ ನನ್ನನ್ನು ಚಹಾದಂಗಡಿಯವನು ನೋಡಿದ ನೋಟ ಮರೆತಿಲ್ಲ.

ಈಗ ಹೊಲಕ್ಕೆ ಬರೋಣ, ಇಲ್ಲೇ ಹೆಚ್ಚು ಸಿಗುವುದು. ಮೊದಲು ಇವತ್ತಿನ ಉತಾರ ತೆಗೆಸಿ, ಬೆಂಗಳೂರಿನವರು ಪಹಣಿ ಅನ್ನುತ್ತಾರಲ್ಲ, ಅದೇ. 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು ಇರುತ್ತದೆ. ಅದರ ಪಕ್ಕದಲ್ಲಿ ಆ ಹಕ್ಕು ಹೇಗೆ ಬಂತು ಅಂತ ಒಂದು ನಂಬರ್ ಇರುತ್ತದೆ. ಬಹಳ ಜನ ಹೆಸರು ಓದಿ ಮಡಚಿಡುತ್ತಾರೆ, ನಿಮಗೆ ಬೇಕಾದ್ದು ಆ ನಂಬರ್. ಅದು ಹಕ್ಕು ಬದಲಾವಣೆ ಪುಸ್ತಕದ, ಅಂದರೆ ಮ್ಯುಟೇಶನ್ ರಜಿಸ್ಟರಿನ ನಂಬರ್. ಅದರ ನಕಲು ಕೇಳಿ. ಅದರಲ್ಲಿ ಇಂಥವರು ಸತ್ತರು, ವಾರಸುದಾರರು ಇಂಥವರು ಅಂತಲೋ, ಅಣ್ಣ-ತಮ್ಮಂದಿರ ವಾಟ್ನಿ, ಅಂದರೆ ಪಾಲು, ಆಯಿತು ಅಂತಲೋ, ಖರೀದಿ ಆಯಿತು ಅಂತಲೋ ಇರುತ್ತದೆ. ಜೊತೆಗೆ ಹಿಂದಿನ ನಂಬರ್ ಸಿಗುತ್ತದೆ. ಅದರ ನಕಲು. ಮತ್ತೆ ಹಿಂದಿನದು. ಬಾವಿಗೆ ಇಳಿದ ಹಾಗೆ, ಒಂದೊಂದೇ ಮೆಟ್ಟಿಲು. ಭೂಮಿ ತಂತ್ರಾಂಶ ಬಂದ 2000ದ ಆಸುಪಾಸಿನವರೆಗೆ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದು ಕೈಬರಹ, ದಾಖಲೆ ಕೋಣೆಯಲ್ಲಿ ವಿಚಾರಿಸಿ. ಹಕ್ಕಿನ ದಾಖಲೆ ಬರೆಯಬೇಕು ಅಂತ ಮುಂಬಯಿ ಸರ್ಕಾರ ಕಾಯ್ದೆ ಮಾಡಿದ್ದು 1903ರಲ್ಲಿ, ಆದ್ದರಿಂದ ಈ ಮೆಟ್ಟಿಲುಗಳು ಸುಮಾರು ಅಲ್ಲಿವರೆಗೆ ಇಳಿಯುತ್ತವೆ. ಅದರ ಕೆಳಗೆ 1840ರ ದಶಕದಿಂದ ನಡೆದ ಸರ್ವೆಯ ಕಾಗದಗಳು. ಹೊಲಕ್ಕೆ ನಂಬರ್ ಕೊಟ್ಟು, ಅಳತೆ ಮಾಡಿ, ಇಷ್ಟು ಆಕಾರ, ಅಂದರೆ ಕಂದಾಯ, ಅಂತ ಕಟ್ಟಿದ್ದು ಆಗಲೇ.

ಸರ್ವೆ ನಂಬರ್ ಒಡೆದು ಹಿಸ್ಸೆ ಆಗಿರುತ್ತದೆ ಅನ್ನುವುದನ್ನು ಮರೆಯಬೇಡಿ. ಈಗ 47/2ಬ ಅಂತ ಇದ್ದದ್ದು ಹಿಂದೆ 47/2, ಅದಕ್ಕೂ ಹಿಂದೆ ಬರೀ 47. ಒಡೆದಾಗಲೆಲ್ಲ ಒಂದು ವಾಟ್ನಿ, ಪ್ರತಿ ವಾಟ್ನಿಯಲ್ಲಿ ಅಣ್ಣ-ತಮ್ಮಂದಿರ ಪೂರ್ತಿ ಪಟ್ಟಿ. ನಿಮ್ಮ ಅಜ್ಜನಿಗೆ ಇದ್ದ, ಯಾರೂ ಹೆಸರೆತ್ತದ ಆ ನಾಲ್ಕನೇ ತಮ್ಮ ಸಿಗುವುದು ಅಲ್ಲಿ.

ಹೆಣ್ಣುಮಕ್ಕಳು? ಹಳೇ ನೋಂದುಗಳಲ್ಲಿ ಇಲ್ಲವೇ ಇಲ್ಲ ಅನ್ನಬಹುದು. 1937ರ ಕಾಯ್ದೆಯಿಂದ ವಿಧವೆಗೆ ಗಂಡನ ಆಸ್ತಿಯಲ್ಲಿ ಸ್ವಲ್ಪ ಹಕ್ಕು ಬಂತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ ಮಗಳೂ ವಾರಸುದಾರಳಾದಳು. ಹಾಗಾಗಿ 1956ರ ಈಚೆಗೆ ಅಪ್ಪ ಸತ್ತಾಗ ಬರೆದ ವಾರಸಾ ನೋಂದಿನಲ್ಲಿ ಹೆಣ್ಣುಮಕ್ಕಳ ಹೆಸರು, ಗಂಡನ ಹೆಸರು, ಕೊಟ್ಟ ಊರು ಎಲ್ಲ ಒಟ್ಟಿಗೆ ಸಿಗುತ್ತದೆ. ತಮಾಷೆ ಏನಂದರೆ ಎಷ್ಟೋ ಸಲ ಅದರ ಮುಂದಿನ ಸಾಲಿನಲ್ಲೇ "ನಮ್ಮ ಹಕ್ಕು ಅಣ್ಣಂದಿರಿಗೆ ಬಿಟ್ಟುಕೊಟ್ಟಿದ್ದೇವೆ" ಅಂತ ಅವರ ಹೆಬ್ಬೆಟ್ಟು ಇರುತ್ತದೆ. ತಮಾಷೆ ಅಂದೆ, ತಮಾಷೆ ಏನಲ್ಲ. ನಮ್ಮಜ್ಜಿಯ ಹೆಬ್ಬೆಟ್ಟು ನಾನು ಮೊದಲು ನೋಡಿದ್ದು ಅವಳು ಹೊಲ ಬಿಟ್ಟುಕೊಟ್ಟ ಕಾಗದದಲ್ಲಿ.

ಪಟ್ಟಣದ ಮನೆಯಾದರೆ ಸಿ.ಟಿ.ಎಸ್. ನಂಬರ್, ಅಂದರೆ ಪಟ್ಟಣದ ಸರ್ವೆಯಲ್ಲಿ ಆ ಜಾಗಕ್ಕೆ ಕೊಟ್ಟ ನಂಬರ್, ಹಿಡಿಯಿರಿ, ಸಿಟಿ ಸರ್ವೆಯವರ ಹತ್ತಿರ ಅದರ ಹಿಂದಿನ ಕಥೆ ಇರುತ್ತದೆ. ಖರೀದಿ, ಗಹಾಣ (ಅಡವು), ದತ್ತಕ, ಮೃತ್ಯುಪತ್ರ (ಉಯಿಲು), ಇವೆಲ್ಲ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ. 1908ರ ನೋಂದಣಿ ಕಾಯ್ದೆ ಪ್ರಕಾರ ಸ್ಥಿರಾಸ್ತಿಯ 1ನೇ ಪುಸ್ತಕ, ಅದರ ಸೂಚಿ ಯಾರು ಬೇಕಾದರೂ ಫೀ ಕಟ್ಟಿ ನೋಡಬಹುದು, ಸೂಚಿಯಲ್ಲಿ ಹೆಸರು ಹಿಡಿದೂ ಹುಡುಕಬಹುದು. ಮೃತ್ಯುಪತ್ರಗಳದ್ದು 3ನೇ ಪುಸ್ತಕ, ಬರೆದವರು ಬದುಕಿರುವವರೆಗೆ ಅದು ಹೊರಗಿನವರಿಗೆ ಸಿಗದು.

ದತ್ತಕ ಅಂದೆನಲ್ಲ, ಅದೊಂದು ದೊಡ್ಡ ತಿರುವು. ಒಂದು ಮನೆಯಲ್ಲಿ ಹುಟ್ಟಿ ಇನ್ನೊಂದು ಮನೆಗೆ ದತ್ತಕ ಹೋದವನ ಅಪ್ಪನ ಹೆಸರು, ಅಡ್ಡಹೆಸರು, ಕೆಲವೊಮ್ಮೆ ಅವನ ಸ್ವಂತ ಹೆಸರೂ ಬದಲಾಗುತ್ತದೆ. ನಿಮ್ಮವರ ಸಾಲು ಒಂದು ಕಡೆ ದಿಢೀರಂತ ಕಡಿದುಹೋದರೆ ದತ್ತಕ ಇರಬಹುದು ಅಂತ ಅನುಮಾನಪಡಿ. ಆಗಿನ ಕಾಲಕ್ಕೆ ದತ್ತಕ ಸಣ್ಣ ವಿಷಯ ಆಗಿರಲಿಲ್ಲ, ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಒಪ್ಪದಿದ್ದದ್ದು 1858ರ ನರಗುಂದ ಬಂಡಾಯಕ್ಕೆ ಒಂದು ಮುಖ್ಯ ಕಾರಣ.

ಮೆಟ್ಟಿಲು ಇಳಿಯುತ್ತಾ ಹೋದ ನನಗೆ ಹುಬ್ಬಳ್ಳಿ ತಾಲ್ಲೂಕಿನ ಹೊಲದ ಕೊನೆಯ ನೋಂದು ಸಿಕ್ಕಿತು. 1912. ಮಾಸಿದ ಮಸಿ, ಬಾಗಿದ ಅಕ್ಷರ. ಫಕೀರಪ್ಪ ಬಿನ್ ಬಸಪ್ಪ, 4 ಎಕರೆ 22 ಗುಂಟೆ, ಖರೀದಿ. ಅದಕ್ಕಿಂತ ಹಿಂದೆ ಆ ಹೊಲ ಬೇರೆಯವರದು. ಅಂದರೆ ನಮ್ಮ ಮುತ್ತಜ್ಜ ಆ ಊರಿಗೆ ಹೊರಗಿನಿಂದ ಬಂದು ಹೊಲ ಹಿಡಿದವನು. ಸರಿ, ಲಕ್ಷ್ಮೇಶ್ವರದ ಹಳೇ ಕಾಗದ ಧಾರವಾಡದಲ್ಲಿ ಸಿಗುತ್ತದೆ ಅಂತ ಹೊರಟೆ. ಅಲ್ಲೇ ಮತ್ತೊಂದು ಪೆಟ್ಟು.

ಗದಗ, ಹಾವೇರಿ ಜಿಲ್ಲೆಗಳು ಧಾರವಾಡದಿಂದ ಬೇರೆ ಆದದ್ದು 1997ರಲ್ಲಿ, ಅದು ಎಲ್ಲರಿಗೂ ನೆನಪಿದೆ. ಆದರೆ ನೂರು ವರ್ಷದ ಹಿಂದೆ ಈ ಸೀಮೆ ಒಂದೇ ಸರ್ಕಾರದ ಕೈಯಲ್ಲಿ ಇರಲಿಲ್ಲ. 1818ರಲ್ಲಿ ಪೇಶ್ವೆಯರು ಸೋತ ಮೇಲೆ ಧಾರವಾಡ, ಹುಬ್ಬಳ್ಳಿ, ಗದಗ ಎಲ್ಲ ಮುಂಬಯಿ ಸರ್ಕಾರಕ್ಕೆ ಸೇರಿದವು. ಆದರೆ ನಡುನಡುವೆ ತೇಪೆ ಹಾಕಿದ ಹಾಗೆ ಸಂಸ್ಥಾನಗಳು. ಕುಂದಗೋಳ ಜಮಖಂಡಿಯವರದು. ಶಿರಹಟ್ಟಿ ಸಾಂಗಲಿಯವರದು. ಲಕ್ಷ್ಮೇಶ್ವರ ಮಿರಜದವರದು. ಸವಣೂರಿಗೆ ಸ್ವಂತ ನವಾಬರು. ಗದಗಿನ ಪೂರ್ವಕ್ಕೆ ಒಂದಿಷ್ಟು ನಡೆದರೆ ಮೊಗಲಾಯಿ, ಅಂದರೆ ಹೈದರಾಬಾದ್ ನಿಜಾಮರ ಸೀಮೆ, ಅಲ್ಲಿಯ ಕಾಗದ ಉರ್ದುವಿನಲ್ಲಿ. ಎತ್ತಿನ ಬಂಡಿಯಲ್ಲಿ ಒಂದು ದಿನದ ದಾರಿ ಹೋದರೆ ಸರ್ಕಾರ, ಲಿಪಿ, ಲೆಕ್ಕ ಎಲ್ಲ ಬೇರೆ. ನಮ್ಮವರ ಊರು ಆಗ ಯಾರ ಕೈಯಲ್ಲಿತ್ತು ಅಂತ ಮೊದಲು ಕೇಳಿಕೊಳ್ಳಿ, ಆಮೇಲೆ ಕಚೇರಿ ಹುಡುಕಿ. ಈ ಸಂಸ್ಥಾನಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1948ರಲ್ಲಿ, ಎಲ್ಲ ಒಟ್ಟಾಗಿ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ.

ಹಳೇ ಮರಾಠಿ ಕಾಗದ ಸಿಕ್ಕಿತು ಅಂತ ಖುಷಿಪಟ್ಟರೆ ಅದು ಮೋಡಿ ಲಿಪಿ. ಮೊದಲು ಮೇಲಿನ ಗೆರೆ ಎಳೆದು, ಲೇಖನಿ ಎತ್ತದೆ ಸರಸರ ಬರೆದುಕೊಂಡು ಹೋಗುವ ಬರಹ. ದೇವನಾಗರಿ ಬರುತ್ತದೆ ಅಂದರೆ ಸಾಲದು. ಅದರಲ್ಲಿ ಇಕಾರ ಹ್ರಸ್ವವೋ ದೀರ್ಘವೋ ಅನ್ನುವ ಭೇದ ಕಾಣಿಸುವುದಿಲ್ಲ, ಉಕಾರವೂ ಹಾಗೇ. ಓದುವವರನ್ನು ಹುಡುಕಿ, ಕೂಲಿ ಕೊಡಿ, ಸುಮ್ನೆ ನೀವೇ ಗುದ್ದಾಡಬೇಡಿ.

ಹೊಲವೇ ಇರಲಿಲ್ಲ ಅನ್ನುವವರು ಏನು ಮಾಡಬೇಕು? ಇದು ನ್ಯಾಯವಾದ ಪ್ರಶ್ನೆ, ಯಾಕೆಂದರೆ ಬಹಳ ಮಂದಿಗೆ ಇರಲಿಲ್ಲ. ಲಾವಣಿಗೋ ಕೋರಿಗೋ, ಅಂದರೆ ಗೇಣಿಗೋ ಬೆಳೆಯ ಪಾಲಿಗೋ, ಬೇರೆಯವರ ಹೊಲ ಮಾಡುತ್ತಿದ್ದವರಿಗೆ ನಾನು ಹೇಳುವುದು ಒಂದೇ: 1974ರ ನಂತರದ ಭೂನ್ಯಾಯ ಮಂಡಳಿಯ ಕಡತ ನೋಡಿ. ಉಳುವವನೇ ಒಡೆಯ ಅಂತ ಕಾಯ್ದೆ ಬಂದಾಗ ಗೇಣಿದಾರರು ಫಾರಂ ನಂಬರ್ 7 ಕೊಟ್ಟರಲ್ಲ, ಅದರ ಹಿಂದೆ ಅವರ ಹೇಳಿಕೆ ಇರುತ್ತದೆ. ಈ ಹೊಲ ನಮ್ಮ ಅಜ್ಜ ಇಂಥವನ ಕಾಲದಿಂದ ಮಾಡುತ್ತಾ ಬಂದಿದ್ದೇವೆ, ಅವನು ಸತ್ತು ಇಷ್ಟು ವರ್ಷ ಆಯಿತು, ಇಷ್ಟು ಕಾಳು ಕೊಡುತ್ತಿದ್ದೆವು ಅಂತ. ಓದು ಬರಹ ಬಾರದ ಮನೆತನದ ಮಾತು ಅವರ ಬಾಯಿಂದಲೇ ಬಂದು ಕಾಗದಕ್ಕೆ ಇಳಿದಿರುವುದು ಇಂಥ ಕೆಲವೇ ಕಡೆ. ತಳವಾರಕಿ, ವಾಲೀಕಾರಕಿ, ಶೇತಸನದಿ, ಇಂಥ ಊರ ಕಾವಲು-ಚಾಕರಿ ಮಾಡುತ್ತಿದ್ದ ಮನೆಗಳಿಗೆ ವತನದ ರಜಿಸ್ಟರ್ ಇದೆ. 1961ರ ಕಾಯ್ದೆಯಿಂದ ಆ ಚಾಕರಿಗಳು ರದ್ದಾದಾಗ ವತನದ ಜಮೀನು ಮರುಮಂಜೂರಾತಿಗೆ ಕೊಟ್ಟ ಅರ್ಜಿಗಳಲ್ಲಿ ಮನೆತನದ ಸಾಲು ಬರೆದಿರುತ್ತದೆ. ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿ ಮಾಡಿದವರ ಮನೆಯಲ್ಲಿ ಸರ್ವಿಸ್ ಕಾಗದ, ಪಿಂಚಣಿ ಪುಸ್ತಕ ಇರಲೇಬೇಕು. ಕ್ರೈಸ್ತ ಮನೆತನಗಳಿಗೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ. ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841. ಅವರ ಬಹಳಷ್ಟು ಕಾಗದ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜೋಪಾನವಾಗಿದೆ. ಮುಸ್ಲಿಂ ಮನೆತನಗಳಿಗೆ ಖಾಜಿಗಳ ನಿಕಾಹ್ ಪುಸ್ತಕ. ಪಂಢರಪುರ, ನಾಸಿಕ, ತ್ರ್ಯಂಬಕಕ್ಕೆ ಹೋಗಿ ಬಂದ ಮನೆಯಾದರೆ ಅಲ್ಲಿಯ ಪುರೋಹಿತರ ನಾಮಾವಳಿ ವಹಿಯಲ್ಲಿ ಊರು, ಮನೆತನ ಹೇಳಿ ವಿಚಾರಿಸಿ. ಹಳೇ ಶಾಲೆಯ ಜನರಲ್ ರಜಿಸ್ಟರ್ ಅಂತೂ ಎಲ್ಲರಿಗೂ ಬೇಕಾದದ್ದು, ಅಪ್ಪನ ಹೆಸರು, ಊರು, ಜಾತಿ ಎಲ್ಲ ಇರುತ್ತದೆ. ಹುಟ್ಟಿದ ದಿನ ಮಾತ್ರ ನಂಬಬೇಡಿ. ಜೂನ್ 1ರಂದು ಹುಟ್ಟಿದವರೆಲ್ಲ ಮಾಸ್ತರರ ಮಕ್ಕಳು!

ಕಾಗದ ಮುಗಿದ ಕಡೆ ನಮ್ಮ ಸೀಮೆಗೆ ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರಿದ್ದಾರೆ. ಸಣ್ಣವನಿದ್ದಾಗ ಎತ್ತಿನ ಮೇಲೆ ಕೂತು, ಗಂಟೆ ಬಾರಿಸಿಕೊಂಡು ಬರುತ್ತಿದ್ದರು. ಈಗ ಎತ್ತು ಕಡಿಮೆ. ಮನೆತನಗಳನ್ನು ಹೆಳವರು ತಮ್ಮೊಳಗೆ ಹಂಚಿಕೊಂಡಿರುತ್ತಾರೆ, ನಮ್ಮ ಮನೆಯ ಹೆಳವ ನಮಗೆ ಮಾತ್ರ, ಅವನ ಅಪ್ಪ ನಮ್ಮಜ್ಜನಿಗೆ. ಎರಡು ಮೂರು ವರ್ಷಕ್ಕೊಮ್ಮೆ ಬಂದು ಕಟ್ಟೆ ಮೇಲೆ ಕೂತು ವಹಿ ಬಿಚ್ಚಿದರೆ ಮೂಲ ಊರು, ಬೆಡಗು (ಕುಲದ ಕವಲು), ಮನೆದೇವರು, ಯಾರ ಮಗ ಯಾರು, ಯಾರು ಯಾವ ಊರಿಗೆ ಹೋದರು ಅಂತ ಹಾಡಿನ ಹಾಗೆ ಹೇಳಿಕೊಂಡು ಹೋಗುತ್ತಾರೆ. ಕೊನೆಯಲ್ಲಿ ಈಚೆಗೆ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಕಾಳು, ಬಟ್ಟೆ, ರೊಕ್ಕ ತಗೊಂಡು ಹೊರಡುತ್ತಾರೆ. ನಮ್ಮ ಮನೆಯ ಹೆಳವ ಬರುವ ತನಕ ಒಂದೂವರೆ ವರ್ಷ ಕಾದೆ. ಬಂದವನು ಹತ್ತು ನಿಮಿಷದಲ್ಲಿ ಲಕ್ಷ್ಮೇಶ್ವರದಲ್ಲಿ ನಮಗಿದ್ದ ಹಳೇ ಅಡ್ಡಹೆಸರು ಹೇಳಿದ, ಮುತ್ತಜ್ಜನ ಮೇಲೆ ಇನ್ನೂ ನಾಲ್ಕು ತಲೆ ಹೇಳಿದ. ಬಸಪ್ಪ, ಫಕೀರಪ್ಪ, ಬಸಪ್ಪ, ಮತ್ತೆ ಫಕೀರಪ್ಪ.

ಪೂರ್ತಿ ನಂಬಬೇಕಾ? ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ, ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಕಡೆ ಸಿಕ್ಕರೆ ಮಾತ್ರ ಮಸಿಯಲ್ಲಿ ಬರೆಯುವುದು, ಅಲ್ಲಿವರೆಗೆ ಪೆನ್ಸಿಲ್. ಹೆಳವ ಹೇಳಿದ ಮುತ್ತಜ್ಜ ಮತ್ತು ಅವನಪ್ಪ 1912ರ ನೋಂದಿಗೆ ಹೊಂದುತ್ತಾರೆ, ಅವರು ಮಸಿ. ಮೇಲಿನವರು ಪೆನ್ಸಿಲ್. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರವನ್ನೂ ನಾನು ಪೆನ್ಸಿಲ್ ಅಂತಲೇ ಎಣಿಸುತ್ತೇನೆ, ಅದು ಅರ್ಜಿದಾರ ಅಫಿಡವಿಟ್ ಮಾಡಿ ಹೇಳಿದ್ದರ ಮೇಲೆ ನಿಂತಿರುತ್ತದೆ. ಇನ್ನೊಂದು ಮಾತು. ನೀವು ಹಳೇ ಉತಾರ ಕೈಯಲ್ಲಿ ಹಿಡಿದುಕೊಂಡು ದಾಯಾದಿಗಳ ಮನೆಗೆ ಹೋದರೆ ಅವರಿಗೆ ವಂಶದ ಪ್ರೀತಿ ಕಾಣುವುದಿಲ್ಲ, "ಪಾಲು ಕೇಳಾಕ ಬಂದಾನೇನು?" ಅಂತಲೇ ಕಾಣುತ್ತದೆ. ಉತಾರ ಮನೆಯಲ್ಲಿಟ್ಟು ಹೋಗಿ. ಒಂದು ಕಿಲೋ ಧಾರವಾಡ ಫೇಡೆ ತಗೊಂಡು ಹೋಗಿ.

ಹೆಳವನ ವಹಿಯಲ್ಲಿ ಗಂಡಸರೇ ತುಂಬಿದ್ದರು. ಮುತ್ತಜ್ಜಿ ಎಲ್ಲಿಯವಳು ಅಂತ ಕೇಳಿದೆ, ಅವನಿಗೆ ಗೊತ್ತಿರಲಿಲ್ಲ. ಅವತ್ತು ಸಂಜೆ ಅವ್ವ ಸುಮ್ನೆ, "ಆ ಕೊಡದ ಮ್ಯಾಲ ಏನೋ ಬರದೈತಿ ನೋಡು" ಅಂದಳು. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆವು. ಕಿಲುಬು ಬಿಟ್ಟ ಹಾಗೆ ಚುಕ್ಕೆಗಳು ಒಂದೊಂದೇ ಅಕ್ಷರವಾದವು, ಬೆರಳಿನಲ್ಲಿ ಮುಟ್ಟಿ ಓದಬೇಕಾಯಿತು. "ಕ್ರೋಧಿ ಸಂ. ನೀಲವ್ವಗ ಸವಣೂರ ಗುರಪ್ಪ." ನೀಲವ್ವ ಅಂದರೆ ನಮ್ಮ ಮುತ್ತಜ್ಜಿ. ಕ್ರೋಧಿ 1964ರಲ್ಲಿ ಬಂತು, 1904ರಲ್ಲೂ ಬಂತು. ಮುತ್ತಜ್ಜ ಹೊಲ ಹಿಡಿದದ್ದು 1912, ಮದುವೆ 1904ರಲ್ಲಿ ಆಗಿದ್ದರೆ ಲೆಕ್ಕ ಸರಿಹೋಗುತ್ತದೆ. ಮದುವೆಯಲ್ಲಿ ಕೊಡ ಕೊಡುವವರು ತವರಿನವರು, ಅಪ್ಪ ಇಲ್ಲವೇ ಅಣ್ಣ. ಇಲ್ಲಿ ಸವಣೂರ ಅನ್ನುವುದು ಅಡ್ಡಹೆಸರಲ್ಲ, ಊರೇ ಅಂತ ಹಿಡಿದರೆ ಸವಣೂರು ಅವಳ ತವರು. ಅಂದರೆ ನವಾಬರ ಸೀಮೆ, ಮತ್ತೆ ಬೇರೆ ಕಚೇರಿ, ಬೇರೆ ಕಾಗದ.

ಮುಂದಿನ ವಾರ ಸವಣೂರಿಗೆ ಹೊರಟಿದ್ದೇನೆ. ಗುರಪ್ಪ ಅನ್ನುವ ಹೆಸರು ಗೊತ್ತು, ಸರ್ವೆ ನಂಬರ್ ಗೊತ್ತಿಲ್ಲ.